ಕಾರ್ನ್‌ವಾಲ್ ಸೀಮೆಯ ಒಂದು ಸುತ್ತುದಾರಿ: ಪಾಳುಬಿದ್ದ ಗಣಿಗಳೂ ಅವುಗಳ ಸುತ್ತಣ ಹೊಲಗಳೂ

ಒಂದೇ ನೆಲದಲ್ಲಿ ಮೇಲುಮಣ್ಣು ರೈತನಿಗೂ ಕೆಳಗಿನ ಲೋಹವು ಗಣಿಗಾರನಿಗೂ ಜೀವನಾಧಾರವಾಗಿರುವ ಸೀಮೆಗಳು ಲೋಕದಲ್ಲಿ ಹಲವು ಇವೆ. ಲೋಹವು ದೊರೆಯುತ್ತಿರುವವರೆಗೆ ಅಂಥ ಸೀಮೆಯಲ್ಲಿ ಹಣದ ಓಡಾಟವೂ ಕೂಲಿಯ ಅನುಕೂಲವೂ ಹೆಚ್ಚಾಗಿರುವುದರಿಂದ, ಗಣಿಯು ಮುಗಿದ ಮೇಲೆ ನೆಲದ ಗತಿಯೇನೆಂಬ ಪ್ರಶ್ನೆಯು ಯಾರ ಮನಸ್ಸಿಗೂ ಬೇಗನೆ ಹೊಳೆಯುವುದಿಲ್ಲ. ಗಣಿಯ ಆಯುಸ್ಸು ಹತ್ತಾರು ವರ್ಷ, ಬಹಳವಾದರೆ ನೂರಿನ್ನೂರು ವರ್ಷ. ಹೊಲದ ಆಯುಸ್ಸಿಗಾದರೋ ಕೊನೆಯೆಂಬುದಿಲ್ಲ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡು ತಿಳಿಯುವುದಕ್ಕೆ ಇಂಗ್ಲೆಂಡ್ ದೇಶದ ನೈಋತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್ ಸೀಮೆಯ ಒಂದು ಸುತ್ತುದಾರಿಯು ತಕ್ಕ ಉದಾಹರಣೆಯಾಗಿದೆ. ಸುಮಾರು ಏಳೂವರೆ ಮೈಲಿ ಉದ್ದವಾದ ಈ ದಾರಿಯು ಹೊಲ, ಹುಲ್ಲುಗಾವಲು, ಕುರುಚಲು ಬೀಳು ಮತ್ತು ಪಾಳುಬಿದ್ದ ತವರದ ಗಣಿಗಳ ನಡುವೆ ಒಂದು ಬೆಟ್ಟವನ್ನು ಬಳಸಿಕೊಂಡು, ಹೊರಟ ಸ್ಥಳಕ್ಕೇ ಬಂದು ಸೇರುತ್ತದೆ. ಕೋಲಾರದ ಚಿನ್ನದ ಗಣಿಗಳನ್ನು ಮೊದಮೊದಲು ನಡೆಸಿದ ಗಣಿಪರಿಣತರಲ್ಲಿ ಹಲವರು ಈ ಸೀಮೆಯಿಂದಲೇ ಬಂದವರಾದ್ದರಿಂದ, ಇಲ್ಲಿನ ವೃತ್ತಾಂತವು ಕರ್ನಾಟಕದ ಜಮೀನುದಾರರಿಗೂ ಗ್ರಾಮದ ಮುಖ್ಯಸ್ಥರಿಗೂ ಕೇವಲ ಅನ್ಯದೇಶದ ಸಂಗತಿಯಲ್ಲ.

ಸೀಮೆಯ ಸ್ವರೂಪ

ಕಾರ್ನ್‌ವಾಲ್ ಮೂರು ಕಡೆಯೂ ಸಮುದ್ರದಿಂದ ಸುತ್ತುವರಿದ ನೀಳವಾದ ಭೂಭಾಗ. ಅದರ ಬೆನ್ನೆಲುಬು ಕರಿಗಲ್ಲಿನಂತೆ ಗಟ್ಟಿಯಾದ ಗ್ರಾನೈಟ್ ಬಂಡೆ. ಮಳೆ ಧಾರಾಳ, ಚಳಿಗಾಲವು ಇಂಗ್ಲೆಂಡಿನ ಇತರ ಭಾಗಗಳಷ್ಟು ಕಠಿಣವಲ್ಲ. ಈ ಕಾರಣದಿಂದ ಹೂಕೋಸು, ಮುಂಚಿತವಾಗಿ ಬರುವ ಆಲೂಗೆಡ್ಡೆ ಮುಂತಾದುವನ್ನು ಇಲ್ಲಿಂದ ಇತರ ಪಟ್ಟಣಗಳಿಗೆ ಕಳುಹಿಸುವ ರೂಢಿಯು ಬಹುಕಾಲದಿಂದ ಇದೆ. ಹಾಲಿನ ಹಸುಗಳ ಸಾಕಣೆಯೂ ಮುಖ್ಯವಾದ ಕಸುಬು. ಆದರೆ ಗ್ರಾನೈಟ್ ಕಲ್ಲಿನಿಂದಾದ ಮಣ್ಣು ಹುಳಿಯಾಗಿದ್ದು ಸುಣ್ಣದ ಅಂಶವಿಲ್ಲದ್ದಾಗಿರುತ್ತದೆ. ಹಿಂದಿನ ರೈತರು ಸಮುದ್ರತೀರದಿಂದ ಚಿಪ್ಪಿನ ಪುಡಿ ಬೆರೆತ ಮರಳನ್ನು ಕುದುರೆಗಳ ಮೇಲೆ ಹೇರಿ ತಂದು ಹೊಲಕ್ಕೆ ಹಾಕಿ ಈ ಕೊರತೆಯನ್ನು ನೀಗಿಸಿಕೊಳ್ಳುತ್ತಿದ್ದರು. ಹೀಗೆ ಮರಳು ತೆಗೆಯುವ ಹಕ್ಕನ್ನು ರೈತರಿಗೆ ಸ್ಥಿರಪಡಿಸಿ ೧೬೦೯ನೆಯ ಇಸವಿಯಲ್ಲಿಯೇ ಒಂದು ಕಾನೂನು ಆಯಿತೆಂದರೆ ಆ ಗೊಬ್ಬರಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು.

ಹೊಲಗಳು ಚಿಕ್ಕವು. ಅವುಗಳ ಬದುಗಳು ಎರಡು ಕಡೆಯೂ ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿ, ಮೇಲೆ ಗಿಡಗಂಟಿ ಬೆಳೆಸಿದಂಥವು. ಹೊಲವನ್ನು ಹಸನುಮಾಡುವಾಗ ಎದ್ದ ಕಲ್ಲುಗಳೇ ಬದುವಾದುವು. ಬದುವೇ ಗಾಳಿಗೆ ತಡೆಯಾಗಿ, ದನಗಳಿಗೆ ಬೇಲಿಯಾಗಿ, ಹಕ್ಕಿಗಳಿಗೆ ನೆಲೆಯಾಗಿ ನಿಂತಿದೆ.

ಬೆಟ್ಟದ ಪ್ರದಕ್ಷಿಣೆ

ಕ್ಯಾಂಬೋರ್ನ್ ಮತ್ತು ರೆಡ್‌ರೂತ್ ಎಂಬ ಎರಡು ಪಟ್ಟಣಗಳ ನಡುವೆ ಕಾರ್ನ್ ಬ್ರೇ ಎಂಬ ಬೆಟ್ಟವಿದೆ. ಸಮುದ್ರಮಟ್ಟಕ್ಕೆ ಅದರ ಎತ್ತರ ೭೦೦ ಅಡಿಗೆ ಮಿಕ್ಕಿದೆ. ಅದರ ನೆತ್ತಿಯಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣವೂ ಕಂಚೂ ತಿಳಿಯದ ಕಾಲದಲ್ಲಿ, ಜನರು ಕಲ್ಲಿನ ಕೋಟೆ ಕಟ್ಟಿಕೊಂಡು ವಾಸವಾಗಿದ್ದರೆಂಬುದು ೧೯೭೦ ರಿಂದ ೧೯೭೩ರ ವರೆಗೆ ನಡೆದ ಭೂಶೋಧನೆಯಿಂದ ಗೊತ್ತಾಗಿದೆ. ಅದೇ ನೆತ್ತಿಯ ಮೇಲೆ ಈಗ ೯೦ ಅಡಿ ಎತ್ತರದ ಕಲ್ಲಿನ ಸ್ಮಾರಕವೊಂದು ನಿಂತಿದೆ. ಅದನ್ನು ಆ ಪ್ರಾಂತದ ದೊಡ್ಡ ಜಮೀನುದಾರನೂ ಗಣಿಗಳ ಭೂಸ್ವಾಮಿಯೂ ಆಗಿದ್ದ ಫ್ರಾನ್ಸಿಸ್ ಬ್ಯಾಸೆಟ್ ಎಂಬ ಡಿ ಡನ್‌ಸ್ಟನ್‌ವಿಲ್ ಪ್ರಭುವಿನ ನೆನಪಿಗಾಗಿ ೧೮೩೬ರಲ್ಲಿ ನಿಲ್ಲಿಸಿದರು.

ಸುತ್ತುದಾರಿಯನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದು. ರೆಡ್‌ರೂತಿನ ಹಳೆಯ ಇಗರ್ಜಿಯ ಬಳಿಯಿಂದ ಹೊರಟು, ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಯಾಗಿ ನಡೆದರೆ ಮೊದಲಿಗೆ ಸಿಕ್ಕುವುದು ವ್ಹೀಲ್ ಯೂನಿ ಎಂಬ ಗಣಿಯ ಇಂಜಿನ್ ಮನೆ. ‘ವ್ಹೀಲ್’ ಎಂದರೆ ಆ ಸೀಮೆಯ ಹಳೆಯ ಭಾಷೆಯಲ್ಲಿ ಗಣಿ ಅಥವಾ ಕೆಲಸದ ಸ್ಥಳ ಎಂದರ್ಥ. ಮೂರಂತಸ್ತಿನ ಕಲ್ಲುಗೋಡೆ, ಮಾಡು ಇಲ್ಲ, ಮೂಲೆಯಲ್ಲೊಂದು ಉದ್ದನೆಯ ಹೊಗೆಗೂಡು: ಇಂಥ ಮನೆಗಳು ದಾರಿಯುದ್ದಕ್ಕೂ ಒಂದರ ಹಿಂದೊಂದು ಕಾಣುವುವು. ಗಣಿಯೊಳಗಿನ ನೀರನ್ನು ಮೇಲೆತ್ತುವ ಆವಿಯ ಇಂಜಿನುಗಳು ಇವುಗಳಲ್ಲಿದ್ದುವು. ಹೆಚ್ಚಿನ ಒತ್ತಡದ ಆವಿಯನ್ನು ಬಳಕೆಗೆ ತಂದು ಪ್ರಸಿದ್ಧನಾದ ರಿಚರ್ಡ್ ಟ್ರೆವಿಥಿಕ್ ಎಂಬಾತನು ೧೭೭೧ರಲ್ಲಿ ಹುಟ್ಟಿದ್ದು ಇದೇ ಬೆಟ್ಟದ ತಪ್ಪಲಿನ ಟ್ರೆಗಜೋರನ್ ಎಂಬ ಹಳ್ಳಿಯಲ್ಲಿ.

ಬೆಟ್ಟದ ತೆಂಕಣ ಮಗ್ಗುಲಿನಲ್ಲಿ ನೆಲದೊಳಗೆ ಹಾದುಹೋಗುವ ಅದಿರಿನ ಎಳೆಗೆ ‘ಗ್ರೇಟ್ ಫ್ಲಾಟ್ ಲೋಡ್’, ಎಂದರೆ ‘ದೊಡ್ಡ ಮಟ್ಟಸದ ಎಳೆ’ ಎಂದು ಹೆಸರು. ದಾರಿಗೂ ಅದೇ ಹೆಸರಾಗಿದೆ. ಕಾರ್ನ್‌ವಾಲಿನ ಇತರ ಎಳೆಗಳು ಹೆಚ್ಚುಕಡಿಮೆ ಗೋಡೆಯಂತೆ ಕಡಿದಾಗಿ ಇಳಿದರೆ, ಇದು ಸುಮಾರು ೩೦ ಅಂಶದ ಇಳಿಜಾರಿನಲ್ಲಿ ಮಲಗಿದಂತಿರುವುದು. ೧೮೬೬ರಲ್ಲಿ ತಾಮ್ರದ ಬೆಲೆ ಬಿದ್ದು ಅನೇಕ ಗಣಿಗಳು ಮುಚ್ಚಿಹೋದುವು. ಅಳಿದುಳಿದವರು ೧೮೭೦ರ ಸುಮಾರಿಗೆ ಈ ಎಳೆಯಲ್ಲಿ ತವರವಿರುವುದನ್ನು ಅರಿತು ಮತ್ತೆ ತಲೆಯೆತ್ತಿದರು. ವ್ಹೀಲ್ ಬ್ಯಾಸೆಟ್, ಸೌತ್ ವ್ಹೀಲ್ ಫ್ರಾನ್ಸಿಸ್, ಗ್ರೆನ್‌ವಿಲ್ ಎಂಬ ಗಣಿಗಳು ಬೆಳೆದುವು. ಅದಿರನ್ನು ಕುಟ್ಟುವ ಯಂತ್ರದ ಒನಕೆಗಳ ಸದ್ದು ಹಗಲಿರುಳೂ ಕೇಳುತ್ತಿತ್ತು. ಆಗ್ನೇಯ ಏಷ್ಯದ ಮಲಯ ದೇಶದಿಂದ ಅಗ್ಗದ ತವರ ಬರತೊಡಗಿದ ಮೇಲೆ ಇವು ಕುಗ್ಗಿದುವು; ಮೊದಲನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ಸದ್ದಡಗಿತು. ಸೀಮೆಯ ಕೊನೆಯ ತವರದ ಗಣಿಯಾದ ಸೌತ್ ಕ್ರಾಫ್ಟಿಯು ೧೯೯೮ರ ಮಾರ್ಚ್ ತಿಂಗಳಲ್ಲಿ ನಿಂತಿತು. ೨೦೦೬ರಲ್ಲಿ ಈ ಪ್ರದೇಶವನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿಸಿತು.

ಪಡುವಲಿಗೆ ಸಾಗಿದಾಗ ಕಿಂಗ್ ಎಡ್ವರ್ಡ್ ಗಣಿಯು ಬರುತ್ತದೆ. ಪಾಳುಬಿದ್ದಿದ್ದ ಒಂದು ಗಣಿಯ ಭಾಗವನ್ನು ಕ್ಯಾಂಬೋರ್ನ್ ಗಣಿಶಾಲೆಯವರು ೧೮೯೭ರಲ್ಲಿ ಪಡೆದು ವಿದ್ಯಾರ್ಥಿಗಳ ತರಬೇತಿಗೆ ಬಳಸಿದರು. ಈಗ ಅದು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಂದ ದಾರಿಯು ಬಡಗಣ ಮಗ್ಗುಲಿಗೆ ತಿರುಗಿ, ಹಳ್ಳಿಗಳನ್ನೂ ಹಸುಗಳು ಮೇಯುವ ಗಾವಲುಗಳನ್ನೂ ದಾಟಿ ಹೊರಟಲ್ಲಿಗೆ ಬರುತ್ತದೆ. ಹಿಂದೆ ಅದಿರು ಸಾಗಿಸುತ್ತಿದ್ದ ಸಣ್ಣ ರೈಲುಹಳಿಗಳ ಜಾಡೇ ಅನೇಕ ಕಡೆ ಈ ದಾರಿಯಾಗಿದೆ.

ಮೂರು ಜೀವಗಳ ಗುತ್ತಿಗೆ

ದಾರಿಯ ಇಕ್ಕೆಲಗಳಲ್ಲಿ ಕಾಣುವ ಚಿಕ್ಕ ಹೊಲಗಳ ಹಿಂದೆ ಜಮೀನುದಾರರು ಮುಖ್ಯವಾಗಿ ತಿಳಿಯಬೇಕಾದ ಒಂದು ಇತಿಹಾಸವಿದೆ. ಬೆಟ್ಟದ ಬುಡದ ಬೀಳುಭೂಮಿಯನ್ನು ಭೂಸ್ವಾಮಿಗಳು ಗಣಿಕೆಲಸದವರಿಗೆ ‘ಮೂರು ಜೀವಗಳ’ ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ಮೂವರ ಹೆಸರನ್ನು ಪತ್ರದಲ್ಲಿ ಬರೆಯಿಸುವನು. ಸಾಮಾನ್ಯವಾಗಿ ತನ್ನದು, ಹೆಂಡತಿಯದು, ಒಂದು ಮಗುವಿನದು. ಆ ಮೂವರಲ್ಲಿ ಕೊನೆಯವರು ಬದುಕಿರುವವರೆಗೆ ಭೂಮಿಯು ಆ ಕುಟುಂಬಕ್ಕೆ. ಆಮೇಲೆ ಭೂಮಿಯೂ ಅದರ ಮೇಲೆ ಕಟ್ಟಿದ ಮನೆಯೂ ಭೂಸ್ವಾಮಿಗೆ ಸೇರತಕ್ಕುದು.

ಗಣಿಯಾಳು ಸುರಂಗದ ಕೆಲಸ ಮುಗಿಸಿ ಮೇಲೆ ಬಂದು, ಉಳಿದ ಬೆಳಕಿನಲ್ಲಿ ಗುದ್ದಲಿ ಹಿಡಿದು ಕಲ್ಲು ಕಿತ್ತನು, ಬದು ಕಟ್ಟಿದನು, ಆಲೂಗೆಡ್ಡೆ ಹಾಕಿದನು, ಒಂದು ಹಂದಿಯನ್ನೋ ಹಸುವನ್ನೋ ಸಾಕಿದನು. ಹೀಗೆ ಯಾರಿಗೂ ಬೇಡವಾಗಿದ್ದ ಬೀಳು ಹೊಲವಾಯಿತು. ಆದರೆ ಗಣಿಯಾಳಿನ ಆಯುಸ್ಸು ಗಿಡ್ಡ. ಸುರಂಗದ ಧೂಳು, ಅಪಘಾತ, ಕ್ಷಯ ಇವುಗಳಿಂದ ಹೆಸರು ಬರೆಯಿಸಿದವರು ಬೇಗನೆ ತೀರಿಕೊಂಡರೆ, ಹೊಲವು ಫಲಕ್ಕೆ ಬರುವ ಹೊತ್ತಿಗೆ ಮಕ್ಕಳ ಕೈತಪ್ಪುತ್ತಿತ್ತು. ಇತ್ತ ಭೂಸ್ವಾಮಿಗೆ ಅದಿರಿನ ಮಾರಾಟದಲ್ಲಿ ಹದಿನೈದರಲ್ಲೊಂದು, ಹದಿನೆಂಟರಲ್ಲೊಂದು ಎಂಬ ಪ್ರಮಾಣದಲ್ಲಿ ಪಾಲು ಸಲ್ಲುತ್ತಿತ್ತು. ಗಣಿಗೆ ಲಾಭವಾಗಲಿ ನಷ್ಟವಾಗಲಿ ಈ ಪಾಲು ತಪ್ಪುತ್ತಿರಲಿಲ್ಲ. ಗಣಿಯು ಮುಚ್ಚಿದಾಗ ಗುಂಡಿಯನ್ನು ಯಾರು ಮುಚ್ಚಬೇಕು, ಕೆಟ್ಟ ಮಣ್ಣನ್ನು ಯಾರು ಸರಿಪಡಿಸಬೇಕು ಎಂಬುದರ ಹೊರೆಯು ಮಾತ್ರ ಮುಂದಿನ ತಲೆಮಾರುಗಳ ಮೇಲೆ ಬಿತ್ತು. ಭೂಮಿಯನ್ನು ಹಸನುಮಾಡಿದವನಿಗೆ ಅದರಲ್ಲಿ ನೆಲೆಯಿಲ್ಲದೆ, ಅಗೆದವನಿಗೆ ಅದರ ಹೊಣೆಯಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಈ ಬೆಟ್ಟದ ತಪ್ಪಲೇ ಸಾಕ್ಷಿ.

ಮಣ್ಣಿನಲ್ಲಿ ಉಳಿದ ವಿಷ

ನಡೆಯುವವರಿಗೆ ಅಲ್ಲಲ್ಲಿ ಹುಲ್ಲು ಸಹ ಹುಟ್ಟದ, ಕೆಂಪು ಅಥವಾ ಬೂದು ಬಣ್ಣದ ಬೋಳುನೆಲವು ಕಾಣುವುದು. ಗಣಿ ನಿಂತು ನೂರು ವರ್ಷವಾದರೂ ಆ ನೆಲವು ಚೇತರಿಸಿಕೊಂಡಿಲ್ಲ. ಇದಕ್ಕೆ ಕಾರಣ ತಾಮ್ರದ ಅಂಶ ಮತ್ತು ಶಂಖಪಾಷಾಣ. ಕಾರ್ನ್‌ವಾಲಿನ ತವರದ ಅದಿರಿನಲ್ಲಿ ಪಾಷಾಣವೂ ಗಂಧಕವೂ ಬೆರೆತಿದ್ದುದರಿಂದ, ಕುಟ್ಟಿ ತೊಳೆದ ಅದಿರನ್ನು ಒಲೆಯಲ್ಲಿ ಹುರಿಯುತ್ತಿದ್ದರು. ಎದ್ದ ಹೊಗೆಯನ್ನು ಸೊಟ್ಟಸೊಟ್ಟಾಗಿ ತಿರುಗುವ ಉದ್ದವಾದ ಕಲ್ಲುಮಾಡದೊಳಗೆ ಹಾಯಿಸಿದರೆ ಪಾಷಾಣವು ಬಿಳಿಯ ಪುಡಿಯಾಗಿ ಗೋಡೆಗೆ ಅಂಟುವುದು. ಆಳುಗಳು ಮೂಗಿಗೆ ಹತ್ತಿ ತುರುಕಿ, ಮೈಗೆ ಜೇಡಿ ಬಳಿದುಕೊಂಡು ಒಳಹೊಕ್ಕು ಅದನ್ನು ಕೆರೆದು ತೆಗೆಯುತ್ತಿದ್ದರು. ಈ ಪುಡಿಯು ಅಮೇರಿಕಾ ದೇಶದ ಆಲೂಗೆಡ್ಡೆ ಮತ್ತು ಹತ್ತಿಯ ಹೊಲಗಳಲ್ಲಿ ಹುಳು ಕೊಲ್ಲುವ ಔಷಧಿಗಳಿಗೆ ಸೇರುತ್ತಿತ್ತು. ಒಂದು ದೇಶದ ಬೆಳೆಯನ್ನು ಕಾಯ್ದ ವಸ್ತುವು ತಾನು ಹುಟ್ಟಿದ ದೇಶದ ನೆಲವನ್ನು ಕೆಡಿಸಿತು.

ಈ ವಿಷಯದಲ್ಲಿ ವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಗಳು ರೈತರಿಗೆ ಬಹಳ ಉಪಯುಕ್ತವಾಗಿವೆ. ಪಾಷಾಣವು ಮಣ್ಣಿನ ಕಬ್ಬಿಣದ ಅಂಶಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಒಣಬೇಸಾಯದ ಪೈರುಗಳು ಅದನ್ನು ಸ್ವಲ್ಪವಾಗಿ ಮಾತ್ರ ಹೀರುತ್ತವೆ. ಹೀರಿದ್ದೂ ಹೆಚ್ಚಾಗಿ ಬೇರಿನಲ್ಲಿ ನಿಲ್ಲುವುದು. ದನಗಳ ಹೊಟ್ಟೆಗೆ ಅದು ಸೇರುವುದು ಹುಲ್ಲಿನಿಂದ ಅಲ್ಲ, ಹುಲ್ಲಿಗೆ ಅಂಟಿದ ಮಣ್ಣಿನಿಂದ. ನೈಋತ್ಯ ಇಂಗ್ಲೆಂಡಿನಲ್ಲಿ ಮೇಯುವ ದನಗಳು ತಿನ್ನುವ ಒಣ ಆಹಾರದ ತೂಕದಲ್ಲಿ ನೂರಕ್ಕೆ ೧ ರಿಂದ ೧೮ ಪಾಲಿನ ವರೆಗೂ ಮಣ್ಣೇ ಇರುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ಹುಲ್ಲು ಕುಳ್ಳಾದಷ್ಟೂ ದನವು ತಿನ್ನುವ ಮಣ್ಣು ಹೆಚ್ಚಾಗುವುದು. ಆದಕಾರಣ ಅಂಥ ಗಾವಲುಗಳನ್ನು ಬೋಳಾಗುವವರೆಗೆ ಮೇಯಿಸಕೂಡದು. ನೀರು ನಿಲ್ಲಿಸಿ ಬೆಳೆಯುವ ಬತ್ತದ ಸಂಗತಿ ಬೇರೆ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ, ಕಬ್ಬಿಣಕ್ಕೆ ಅಂಟಿದ್ದ ಪಾಷಾಣವು ಬಿಡಿಸಿಕೊಂಡು ನೀರಿಗೆ ಬರುವುದು. ಬತ್ತದ ಪೈರು ಅದನ್ನು ಇತರ ಧಾನ್ಯಗಳಿಗಿಂತ ಹೆಚ್ಚಾಗಿ ಹೀರುವುದು. ಗಣಿಮಣ್ಣು ಕೊಚ್ಚಿಬಂದು ಸೇರಿರುವ ಕೆರೆಯ ಕೆಳಗೆ ಗದ್ದೆ ಇರುವವರು ಇದನ್ನು ಮರೆಯಬಾರದು.

ಬಾಯ್ದೆರೆದ ಗಣಿಬಾವಿಗಳು

ಈ ದಾರಿಯ ಸುತ್ತಮುತ್ತ ಎಷ್ಟೋ ಗಣಿಬಾವಿಗಳಿವೆ. ಹಿಂದಿನವರು ಕೆಲವುದರ ಬಾಯಿಗೆ ಮರದ ತೊಲೆ ಹಾಸಿ ಮಣ್ಣೆಳೆದು ಹೋದರು. ತೊಲೆಯು ಕೊಳೆತ ಮೇಲೆ, ಮಳೆಗಾಲದಲ್ಲಿ, ಚೆನ್ನಾಗಿ ಹುಲ್ಲು ಬೆಳೆದ ನೆಲವೇ ಒಮ್ಮೆಲೆ ಕುಸಿಯುವುದುಂಟು. ೧೯೫೪ರ ಗಣಿ ಕಾನೂನು ಪಾಳುಗಣಿಯ ಬಾಯನ್ನು ಭದ್ರವಾಗಿ ಮುಚ್ಚುವ ಅಥವಾ ಬೇಲಿ ಹಾಕುವ ಹೊಣೆಯನ್ನು ಒಡೆಯನ ಮೇಲೆ ಹೊರಿಸಿದೆ. ಆದಕಾರಣ ಅನೇಕ ಬಾವಿಗಳ ಸುತ್ತಲೂ ಕಲ್ಲುಗೋಡೆ ಎದ್ದಿದೆ. ಕೆಲವಕ್ಕೆ ಸಿಮೆಂಟಿನ ಮುಚ್ಚಳ, ಕೆಲವಕ್ಕೆ ಕಬ್ಬಿಣದ ಸರಳುಗಳ ಜಾಲರಿ. ಜಾಲರಿ ಹಾಕಿದಲ್ಲಿ ಒಳಗೆ ವಾಸಿಸುವ ಬಾವಲಿಗಳು ಹೋಗಿಬರಲು ಅನುಕೂಲ. ಅವು ರಾತ್ರಿಯೆಲ್ಲ ಹಾರಾಡಿ ಹುಳುಹುಪ್ಪಟೆಗಳನ್ನು ತಿನ್ನುವುದರಿಂದ ರೈತನಿಗೂ ನಷ್ಟವಿಲ್ಲ.

ದಾರಿಯ ಹಕ್ಕು

ಖಾಸಗಿ ಹೊಲಗಳ ನಡುವೆ ಸಾರ್ವಜನಿಕರು ನಡೆಯುವುದು ಹೇಗೆಂದು ಕೆಲವರು ಕೇಳಬಹುದು. ಇಂಗ್ಲೆಂಡಿನಲ್ಲಿ ಜನರು ತಲೆತಲಾಂತರದಿಂದ ತುಳಿದ ಕಾಲುದಾರಿಯು ಹೊಲದ ಒಡೆತನ ಯಾರದಾದರೂ ಸಾರ್ವಜನಿಕರ ಹಕ್ಕು. ೧೯೪೯ರ ಕಾನೂನಿನಂತೆ ಇಂಥ ದಾರಿಗಳನ್ನೆಲ್ಲ ನಕಾಶೆಗಳಲ್ಲಿ ಗುರುತಿಸಲಾಯಿತು. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ರೈತನು ಉಳಲು ಅಡ್ಡಿಯಿಲ್ಲ. ಆದರೆ ಮೊದಲ ಉಳುಮೆಯಾದ ೧೪ ದಿನಗಳೊಳಗೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗುವಂತೆ ಸರಿಪಡಿಸಬೇಕು. ಹೊಲದ ಅಂಚಿನ ದಾರಿಯನ್ನಾದರೆ ಉಳಲೇ ಕೂಡದು. ನಡೆಯುವವರೂ ದಾರಿ ಬಿಟ್ಟು ಪೈರು ತುಳಿಯಕೂಡದು, ತೆರೆದ ಗೇಟನ್ನು ಮುಚ್ಚದೆ ಹೋಗಕೂಡದು, ನಾಯಿಯನ್ನು ದನಗಳ ಮೇಲೆ ಬಿಡಕೂಡದು. ಹೀಗೆ ಎರಡು ಕಡೆಯವರೂ ತಂತಮ್ಮ ಮಿತಿಯನ್ನು ಅರಿತಿರುವುದರಿಂದ ಜಗಳಕ್ಕೆ ಅವಕಾಶವು ಕಡಿಮೆ. ನಡೆಯಲು ಬರುವವರಿಂದ ಹಳ್ಳಿಯ ಅಂಗಡಿಗೂ ಊಟದ ಮನೆಗೂ ನಾಲ್ಕು ಕಾಸು ಹುಟ್ಟುವುದು ಬೇರೆ.

ಕೋಲಾರದ ಸಂಬಂಧ

ಕಾರ್ನ್‌ವಾಲಿನಲ್ಲಿ ಗಣಿಗಳು ಕುಗ್ಗಿದಾಗ ಅಲ್ಲಿನ ಜನರು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ, ಅಮೇರಿಕಾ ದೇಶಗಳಿಗೆ ಹೊರಟಂತೆ ಮೈಸೂರು ಸೀಮೆಗೂ ಬಂದರು. ೧೮೮೦ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯ ಮೂಲಪುರುಷನು ಕಾರ್ನ್‌ವಾಲಿನ ಗಣಿಗಳಲ್ಲಿಯೇ ಹೆಸರು ಪಡೆದವನು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಈ ಗಣಿಗಳಿಗೆ ಬಂದಿತು. ಚಾಂಪಿಯನ್ ರೀಫ್ ಗಣಿಯು ಎರಡು ಮೈಲಿಯ ಆಳದ ವರೆಗೆ ಇಳಿಯಿತು. ೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ೨೦೦೧ನೆಯ ಫೆಬ್ರವರಿ ೨೮ರಂದು ಕೆಲಸ ನಿಂತಿತು.

ಉಳಿದದ್ದು ಮೂರು ಕೋಟಿ ಟನ್ನುಗಳಿಗೂ ಮಿಕ್ಕ ನುಣ್ಣನೆಯ ಕಲ್ಲುಪುಡಿಯ ದಿಬ್ಬಗಳು. ಚಿನ್ನವನ್ನು ಸೈನೈಡಿನ ನೀರಿನಿಂದ ಕರಗಿಸಿ ತೆಗೆದ ಮೇಲೆ ಉಳಿದ ಈ ಪುಡಿಯ ರಾಶಿಗಳನ್ನು ಜನರು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಆಷಾಢದ ಗಾಳಿ ಎದ್ದಾಗ ಈ ಪುಡಿಯು ಹಾರಿ ಮನೆಗಳಿಗೂ ಸುತ್ತಣ ಹೊಲಗಳಿಗೂ ಬೀಳುವುದು; ಮಳೆ ಬಂದಾಗ ತಗ್ಗಿಗೆ ಕೊಚ್ಚಿಹೋಗುವುದು. ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ೨೦೨೪ರಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಅದೇನೇ ಆಗಲಿ, ಚಿನ್ನ ತೆಗೆದ ಮೇಲೂ ಪುಡಿಯು ಪುಡಿಯಾಗಿಯೇ ಉಳಿಯತಕ್ಕುದಾದ್ದರಿಂದ, ಅದರ ಮೇಲೆ ಹುಲ್ಲು ಮರ ಬೆಳೆಸಿ ಗಾಳಿಗೆ ಏಳದಂತೆ ಮಾಡುವುದೊಂದೇ ಸುತ್ತಣ ರೈತರಿಗೆ ಶಾಶ್ವತವಾದ ರಕ್ಷಣೆ.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಗಮನಿಸತಕ್ಕ ಅಂಶಗಳು

ಎಲ್ಲ ಊರುಗಳಲ್ಲಿಯೂ ಚಿನ್ನದ ಗಣಿಯಿಲ್ಲ. ಆದರೆ ಕಲ್ಲುಗಣಿ, ಜಲ್ಲಿಯ ಗುಂಡಿ, ಇಟ್ಟಿಗೆ ಮಣ್ಣಿನ ಹಳ್ಳ ಇಲ್ಲದ ಹೋಬಳಿ ಅಪರೂಪ. ಕಾರ್ನ್‌ವಾಲಿನ ಅನುಭವವು ಇವೆಲ್ಲಕ್ಕೂ ಅನ್ವಯಿಸುತ್ತದೆ.

೧. ಜಮೀನನ್ನು ಕಲ್ಲಿಗೋ ಮಣ್ಣಿಗೋ ಕೊಡುವ ಮೊದಲು, ಕೆಲಸ ಮುಗಿದ ಮೇಲೆ ಗುಂಡಿಯನ್ನು ಯಾರು, ಎಷ್ಟು ದಿನಗಳೊಳಗೆ, ಯಾರ ಖರ್ಚಿನಲ್ಲಿ ಸರಿಪಡಿಸತಕ್ಕುದೆಂಬುದನ್ನು ಕರಾರಿನಲ್ಲಿ ಬರೆಯಿಸಬೇಕು. ಬಾಯಿಮಾತು ಸಾಲದು.

೨. ಅಗೆಯುವಾಗ ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಸಬೇಕು. ನೂರಾರು ವರ್ಷಗಳ ಸಾರವು ಅದರಲ್ಲಿದೆ. ಒಮ್ಮೆ ಕಲ್ಲುಪುಡಿಯೊಡನೆ ಬೆರೆತರೆ ಅದನ್ನು ಬೇರ್ಪಡಿಸುವುದು ಸಾಧ್ಯವಿಲ್ಲ.

೩. ಕೈಬಿಟ್ಟ ಗುಂಡಿಗಳಲ್ಲಿ ನೀರು ನಿಂತು ದನಗಳೂ ಈಜಲು ಹೋದ ಮಕ್ಕಳೂ ಮುಳುಗಿ ಸಾಯುವುದು ವರ್ಷವರ್ಷವೂ ಕೇಳಿಬರುವ ಸಂಗತಿ. ಮುಳ್ಳುಕಂಪೆ ಎಳೆದರೆ ಒಂದು ಬೇಸಗೆಗೆ ಗೆದ್ದಲು ತಿನ್ನುವುದು. ಕಲ್ಲುಗೋಡೆಯನ್ನಾಗಲಿ, ಕತ್ತಾಳೆ ಕಳ್ಳಿಗಳ ಜೀವಂತ ಬೇಲಿಯನ್ನಾಗಲಿ ಹಾಕಿಸಬೇಕು.

೪. ಊರಿನ ಎಲ್ಲೆಯಲ್ಲಿರುವ ಹಳೆಯ ಗುಂಡಿಗಳನ್ನೂ ಮುಚ್ಚಿಹೋದ ಬಾವಿಗಳನ್ನೂ ವೃದ್ಧರನ್ನು ವಿಚಾರಿಸಿ ಸರ್ವೆ ನಂಬರಿನೊಡನೆ ಬರೆದಿಡಬೇಕು. ತಿಳಿದವರು ತೀರಿಕೊಂಡ ಮೇಲೆ ನೆಲವು ಕುಸಿದೇ ತಿಳಿಸಬೇಕಾಗುವುದು.

೫. ಗಣಿದಿಬ್ಬದ ಪುಡಿಯನ್ನು ಹೊಲ ಮಟ್ಟ ಮಾಡುವುದಕ್ಕೂ ಮನೆಯ ಗಾರೆಗೂ ತರಕೂಡದು. ಅದರ ಮೇಲೆ ಬೆಳೆದ ಹುಲ್ಲಿಗೆ ದನ ಬಿಡಕೂಡದು. ಸುತ್ತಣ ಜಮೀನಿನ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿ, ವಿಷಲೋಹಗಳ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ತಿಳಿಸಬೇಕು. ಸಾಮಾನ್ಯ ಗೊಬ್ಬರದ ಪರೀಕ್ಷೆಯಲ್ಲಿ ಇವು ಕಾಣುವುದಿಲ್ಲ. ಸಂದೇಹವಿರುವ ನೆಲದಲ್ಲಿ ಗೆಡ್ಡೆ, ಸೊಪ್ಪು, ಬತ್ತಗಳಿಗಿಂತ ಮರಮುಟ್ಟಿನ ಗಿಡಗಳು ಲೇಸು.

೬. ಗಣಿ ನಡೆಯುವ ಜಿಲ್ಲೆಗಳಲ್ಲಿ ೨೦೧೫ರ ಕಾನೂನು ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟಿವೆ. ಗಣಿಯಿಂದ ತೊಂದರೆಗೊಳಗಾದ ಊರುಗಳ ಹಿತಕ್ಕಾಗಿಯೇ ಆ ಹಣವಿರುವುದರಿಂದ, ಗ್ರಾಮದವರು ಬೇಕಾದ ಕೆಲಸವನ್ನು ಗೊತ್ತುಮಾಡಿ ಬರಹದ ಮೂಲಕ ಕೇಳತಕ್ಕುದು.

೭. ಗ್ರಾಮದ ನಕಾಶೆಯಲ್ಲಿ ಕಂಡ ಕಾಲುದಾರಿ, ಬಂಡಿದಾರಿಗಳನ್ನು ಒತ್ತುವರಿ ಮಾಡಕೂಡದು. ಒಂದು ಸಾಲು ರಾಗಿಯ ಆಸೆಗೆ ದಾರಿಯನ್ನು ಉತ್ತವನು ಸುಗ್ಗಿಯಲ್ಲಿ ತನ್ನ ಬಂಡಿಗೂ ದಾರಿಯಿಲ್ಲದೆ ನಿಲ್ಲುವನು.

ಕಾರ್ನ್ ಬ್ರೇ ಬೆಟ್ಟದ ಸುತ್ತ ತವರದಿಂದ ಬಂದ ಐಶ್ವರ್ಯವು ಎರಡು ಮೂರು ತಲೆಮಾರಿಗೆ ಕರಗಿತು. ಗಣಿಯಾಳುಗಳು ಬಿಡುವಿನ ವೇಳೆಯಲ್ಲಿ ಗುದ್ದಲಿಯಿಂದ ಹಸನುಮಾಡಿದ ಹೊಲಗಳು ಇಂದಿಗೂ ಹುಲ್ಲು ಬೆಳೆಯುತ್ತಿವೆ, ಹಸುಗಳು ಅಲ್ಲಿ ಮೇಯುತ್ತಿವೆ. ಭೂಮಿಯಿಂದ ತೆಗೆದುಕೊಳ್ಳುವ ಕರಾರನ್ನು ಬರೆಯುವಾಗಲೇ ಅದಕ್ಕೆ ಹಿಂದಕ್ಕೆ ಕೊಡಬೇಕಾದುದನ್ನೂ ಬರೆದಿಡುವ ಜಮೀನುದಾರನು ತನ್ನ ಮೊಮ್ಮಕ್ಕಳಿಗೆ ಗುಂಡಿಯನ್ನಲ್ಲ, ಹೊಲವನ್ನು ಬಿಟ್ಟುಹೋಗುವನು.